ಹಳೇ ಕಾರಿಗೆ ಒಳ್ಳೇ ಎಸಿ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಉತ್ತರಗಳು ಮುಖ್ಯವಾಗಿ 80 ಮತ್ತು 90ರ ದಶಕದ ಕಾರು ಇಟ್ಟುಕೊಂಡವರಿಗೆ: ಮಾರುತಿ 800, ಓಮ್ನಿ, ಝೆನ್, ಎಸ್ಟೀಮ್, ಹಾಗೆಯೇ ಡ್ಯಾಶ್‌ಬೋರ್ಡಿನ ಕೆಳಗೆ ಆಮೇಲೆ ಎಸಿ ಕೂರಿಸಿಕೊಂಡ ಅಂಬಾಸಡರ್, ಪದ್ಮಿನಿಗಳು. ಇವುಗಳಲ್ಲಿ ಹೆಚ್ಚಿನವು ಆರ್-12 ಎಂಬ ಹಳೆಯ ಎಸಿ ಗ್ಯಾಸಿನ ಕಾಲದವು. ಇವನ್ನು ಅದರ ಬದಲಿಗೆ ಬಂದ ಆರ್-134ಎ ಗ್ಯಾಸಿಗೆ ಬದಲಾಯಿಸಿ, ಏಪ್ರಿಲ್ ಮೇ ತಿಂಗಳ ಬಿಸಿಲಿಗೂ ಬಗ್ಗದ ಹಾಗೆ ಮಾಡುವುದು ಹೇಗೆ ಎಂಬುದೇ ಇಲ್ಲಿನ ವಿಷಯ.

ನನ್ನ ಕಾರಿನಲ್ಲಿ ಯಾವ ಗ್ಯಾಸ್ ಇದೆ ಎಂದು ತಿಳಿಯುವುದು ಹೇಗೆ?

ಮೊದಲು ಬಾನೆಟ್ ಒಳಗಿನ ಸ್ಟಿಕ್ಕರ್ ನೋಡಿ. ಅದು ಕಿತ್ತುಹೋಗಿದ್ದರೆ ಗ್ಯಾಸ್ ತುಂಬುವ ಬಾಯಿಗಳನ್ನು ನೋಡಿ. ಆರ್-12 ಸಿಸ್ಟಮ್‌ನಲ್ಲಿ ಟೈರ್ ವಾಲ್ವಿನಂತೆ ತಿರುಪು ಹಾಕಿ ಕೂರಿಸುವ ಬಾಯಿ ಇರುತ್ತದೆ. ಆರ್-134ಎ ಸಿಸ್ಟಮ್‌ನಲ್ಲಿ ಒತ್ತಿದರೆ ಕಚ್ಚಿಕೊಳ್ಳುವ ಬಾಯಿ. ಅದರಲ್ಲೂ ಲೋ (ಕಡಿಮೆ ಒತ್ತಡದ) ಕಡೆಯದು 13 ಮಿ.ಮೀ., ಹೈ (ಹೆಚ್ಚು ಒತ್ತಡದ) ಕಡೆಯದು 16 ಮಿ.ಮೀ., ಒಂದಕ್ಕೆ ಇನ್ನೊಂದು ಕೂರದಿರಲಿ ಎಂದೇ ಹಾಗೆ ಮಾಡಿದ್ದು.

ಆದರೆ ಮೂರು ನಾಲ್ಕು ಕೈ ಬದಲಾದ ಕಾರಿನಲ್ಲಿ ಬಾಯಿ ಹಳೆಯದೇ ಇದ್ದು ಒಳಗಿನ ಗ್ಯಾಸ್ ಹೊಸದಾಗಿರಬಹುದು, ಎರಡೂ ಬೆರೆತಿರಲೂಬಹುದು. ದಾಖಲೆ ಇಲ್ಲದಿದ್ದರೆ ಒಳಗಿರುವುದನ್ನು ನಂಬಬೇಡಿ. ಪೂರ್ತಿ ತೆಗೆಸಿ ಹೊಸದಾಗಿ ಶುರುಮಾಡಿ.

ಆರ್-12ನ್ನೇ ಮತ್ತೆ ಹಾಕಿಸಬಾರದೇ?

ಓಝೋನ್ ಪದರ ಉಳಿಸಲು ಮಾಡಿದ 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 1992ರಲ್ಲಿ ಸೇರಿತು. 2003ರ ಜನವರಿ 1ರಿಂದ ಹೊಸ ಉಪಕರಣಗಳಲ್ಲಿ ಈ ಗ್ಯಾಸ್ ಬಳಸುವಂತಿಲ್ಲ. 2008ರ ಆಗಸ್ಟ್‌ನಲ್ಲಿ, ಆಸ್ತಮಾ ಇನ್‌ಹೇಲರ್‌ಗಳ ಅಗತ್ಯ ಬಿಟ್ಟು, ದೇಶದಲ್ಲಿ ಉತ್ಪಾದನೆಯೇ ನಿಂತಿತು. ಇಂದು ಯಾರಾದರೂ 'ಒರಿಜಿನಲ್ ಆರ್-12' ಎಂದು ಕೊಟ್ಟರೆ ಆ ಸಿಲಿಂಡರಿನಲ್ಲಿ ಏನಿದೆ ಎಂದು ನಂಬಲು ಆಧಾರವಿಲ್ಲ.

ಉಳಿದಿರುವ ಆರ್-12ನ್ನು ಗಾಳಿಗೆ ಬಿಡಬೇಡಿ. ಓಝೋನ್ ಪದರಕ್ಕೆ ಆಗುವ ಹಾನಿ ಒಂದು ಕಡೆ. ಭೂಮಿಯ ತಾಪ ಏರಿಸುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಹತ್ತು ಸಾವಿರ ಪಟ್ಟು ಮೀರಿದ್ದು. ಒಂದು ಕಾರಿನ ಅರ್ಧ ಕಿಲೋ ಗ್ಯಾಸ್ ಬಿಟ್ಟರೆ ಐದು ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಬಿಟ್ಟ ಲೆಕ್ಕ. ಗ್ಯಾಸನ್ನು ಹಿಡಿದಿಡುವ ರಿಕವರಿ ಮೆಷಿನ್ ಇರುವ ಗ್ಯಾರೇಜಿನಲ್ಲೇ ತೆಗೆಸಿ.

ಹಳೆಯ ಸಿಸ್ಟಮ್‌ಗೇ ಆರ್-134ಎ ತುಂಬಿಸಿದರೆ ಸಾಲದೇ?

ನಾಲ್ಕು ದಿನ ತಣ್ಣಗಿರುತ್ತದೆ, ಆಮೇಲೆ ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್ ಹೋಗುತ್ತದೆ. ಆರ್-12 ಜೊತೆ ಬಳಸುತ್ತಿದ್ದ ಮಿನರಲ್ ಎಣ್ಣೆ ಆರ್-134ಎಯಲ್ಲಿ ಕರಗುವುದಿಲ್ಲ. ಗ್ಯಾಸಿನ ಜೊತೆ ಸುತ್ತಿ ಕಂಪ್ರೆಸರಿಗೆ ವಾಪಸ್ ಬರಬೇಕಾದ ಎಣ್ಣೆ, ಒಳಗಿನ ಗಾಳಿಯನ್ನು ತಣ್ಣಗಾಗಿಸುವ ಕೂಲಿಂಗ್ ಕಾಯಿಲ್‌ನ ತಳದಲ್ಲೇ ಕೂತುಬಿಡುತ್ತದೆ, ಕಂಪ್ರೆಸರ್ ಒಣಗಿ ಸವೆಯುತ್ತದೆ.

ಜೊತೆಗೆ ಒತ್ತಡದ ವ್ಯತ್ಯಾಸ. ಗ್ರಿಲ್ಲಿನ ಹಿಂದೆ ಕೂತು ಬಿಸಿ ಹೊರಹಾಕುವ ಕಂಡೆನ್ಸರಿನೊಳಗೆ 60 ಡಿಗ್ರಿ ಇದ್ದಾಗ ಆರ್-12 ಸುಮಾರು 205 ಪಿಎಸ್‌ಐ (ಒತ್ತಡದ ಅಳತೆ) ತೋರಿಸಿದರೆ ಆರ್-134ಎ ಸುಮಾರು 230 ತೋರಿಸುತ್ತದೆ. ಮೊದಲೇ ಏದುಸಿರು ಬಿಡುತ್ತಿದ್ದ ಕಂಡೆನ್ಸರಿಗೆ ಈ ಹೆಚ್ಚುವರಿ ಭಾರ ದೊಡ್ಡದು.

ಹಾಗಾದರೆ ಏನೇನು ಬದಲಾಯಿಸಬೇಕು?

ಬಿಡಲೇಬಾರದವು ಇವು:

- ಎಲ್ಲ ಜಾಯಿಂಟುಗಳ ಓ-ರಿಂಗ್. ಆರ್-134ಎಗೆ ಸೂಕ್ತವಾದ ಎಚ್‌ಎನ್‌ಬಿಆರ್ ರಬ್ಬರಿನದು, ಸಾಮಾನ್ಯವಾಗಿ ಹಸಿರು ಬಣ್ಣ. ಕೂರಿಸುವಾಗ ಎಣ್ಣೆ ಸವರಿ.
- ರಿಸೀವರ್ ಡ್ರೈಯರ್. ಒಳಗಿನ ತೇವ ಹೀರುವ ಕಾಳು ಎಕ್ಸ್‌ಎಚ್-7 ಅಥವಾ ಎಕ್ಸ್‌ಎಚ್-9 ಇರಬೇಕು. ಹಳೆಯ ಎಕ್ಸ್‌ಎಚ್-5 ಹೊಸ ಗ್ಯಾಸಿಗೆ ಆಗುವುದಿಲ್ಲ. ಮುಚ್ಚಳ ತೆಗೆದಿಟ್ಟ ಡ್ರೈಯರ್ ಗಾಳಿಯ ತೇವ ಕುಡಿದು ಕೆಡುತ್ತದೆ, ಅದನ್ನು ಎಲ್ಲ ಕೆಲಸ ಮುಗಿದ ಮೇಲೆ, ವ್ಯಾಕ್ಯೂಮ್ ಹಾಕುವ (ಪಂಪಿನಿಂದ ಒಳಗಿನ ಗಾಳಿ ಎಳೆದು ತೆಗೆಯುವ) ಸ್ವಲ್ಪ ಮೊದಲು ಕೂರಿಸಿ.
- ಆರ್-134ಎಗೆ ಮಾಡಿದ, ಕಾಯಿಲ್‌ಗೆ ಗ್ಯಾಸನ್ನು ಹದವಾಗಿ ಬಿಡುವ ಎಕ್ಸ್‌ಪಾನ್ಶನ್ ವಾಲ್ವ್.
- ರಬ್ಬರ್ ಹೋಸ್‌ಗಳು. ಒಳಗೆ ನೈಲಾನ್ ಪದರ ಇರುವ ಬ್ಯಾರಿಯರ್ ಹೋಸ್ ಬೇಕು. ಹಳೆಯ ಹೋಸಿನ ಗೋಡೆಯ ಮೂಲಕವೇ ಈ ಗ್ಯಾಸ್ ನಿಧಾನವಾಗಿ ಸೋರುತ್ತದೆ.
- ಪ್ರೆಶರ್ ಸ್ವಿಚ್. ಹಳೆಯ ಅನೇಕ ಕಾರುಗಳಲ್ಲಿ ಇದೇ ಇಲ್ಲ. ಕೆಳಗೆ ಸುಮಾರು 30 ಪಿಎಸ್‌ಐ, ಮೇಲೆ ಸುಮಾರು 400 ಪಿಎಸ್‌ಐಗೆ ಕಂಪ್ರೆಸರಿನ ಕ್ಲಚ್ ಕಟ್ ಮಾಡುವಂಥದ್ದು ಹಾಕಿಸಿ. ಗ್ಯಾಸ್ ಖಾಲಿಯಾದಾಗ ಕಂಪ್ರೆಸರ್ ಉಳಿಸುವುದು ಇದೊಂದೇ.

ಎಕ್ಸ್‌ಪಾನ್ಶನ್ ವಾಲ್ವಿಗೆ ತಾಮ್ರದ ಬಲ್ಬ್ ಇದ್ದರೆ, ಕಾಯಿಲ್‌ನಿಂದ ಹೊರಬರುವ ದಪ್ಪ ಪೈಪಿನ ಮೇಲೆ ಅದು ಉದ್ದಕ್ಕೂ ತಾಗಿ ಕೂರಬೇಕು. ಪೈಪನ್ನು ಉಜ್ಜಿ ಹೊಳಪು ಬರಿಸಿ, ಕ್ಲಿಪ್ ಬಿಗಿದು, ಮೇಲೆ ಕಾರ್ಕ್ ಟೇಪ್ ಸುತ್ತಿ. ಸುತ್ತದೆ ಬಿಟ್ಟರೆ ಬಲ್ಬ್ ಹೊರಗಿನ ಗಾಳಿಯ ಬಿಸಿಯನ್ನು ಓದಿ ವಾಲ್ವನ್ನು ಬೇಕಾದ್ದಕ್ಕಿಂತ ಹೆಚ್ಚು ತೆರೆದಿಡುತ್ತದೆ. ಆಗ ದ್ರವ ಗ್ಯಾಸ್ ನೇರ ಕಂಪ್ರೆಸರಿಗೆ ನುಗ್ಗುತ್ತದೆ.

ದುಡ್ಡು ಸ್ವಲ್ಪವೇ ಇದೆ. ಮೊದಲು ಯಾವುದಕ್ಕೆ ಹಾಕಲಿ?

ಕಂಡೆನ್ಸರ್ ಮತ್ತು ಅದರ ಫ್ಯಾನಿಗೆ.

ಎಸಿ ತಂಪನ್ನು ಹುಟ್ಟಿಸುವುದಿಲ್ಲ. ಕಾರಿನೊಳಗಿನ ಬಿಸಿಯನ್ನು ಹೊತ್ತು ತಂದು ಹೊರಗೆ ಎಸೆಯುತ್ತದೆ, ಎಸೆಯುವ ಜಾಗ ಕಂಡೆನ್ಸರ್. ಕಲಬುರಗಿ ರಾಯಚೂರಿನ ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇರುವಾಗ, ಸಿಗ್ನಲ್‌ನಲ್ಲಿ ನಿಂತ ಕಾರಿನ ಮುಂದೆ ರೇಡಿಯೇಟರಿನ ಬಿಸಿ ಗಾಳಿಯೇ ಸುತ್ತಿ ಬರುತ್ತದೆ. ಕಂಡೆನ್ಸರ್ ಮುಟ್ಟುವ ಗಾಳಿ 55 ಡಿಗ್ರಿ ದಾಟಿದರೆ ಒಳಗಿನ ಗ್ಯಾಸ್ ದ್ರವವಾಗಲು 70 ಡಿಗ್ರಿಗೆ ಏರಬೇಕಾಗುತ್ತದೆ. ಆಗ ಹೈ ಕಡೆಯ ಒತ್ತಡ 290 ಪಿಎಸ್‌ಐ ಆಸುಪಾಸು. ಕಂಪ್ರೆಸರ್ ಒದ್ದಾಡುತ್ತದೆ, ಎಂಜಿನ್ ಬಿಸಿಯೇರುತ್ತದೆ, ವೆಂಟಿನಿಂದ ಬರುವುದು ಬೆಚ್ಚನೆಯ ಗಾಳಿ. ಹೈವೇಗೆ ಹೋದ ತಕ್ಷಣ ಎಲ್ಲ ಸರಿಹೋಗುತ್ತದೆ. 'ಓಡುವಾಗ ಚೆನ್ನಾಗಿದೆ, ನಿಂತಾಗ ಇಲ್ಲ' ಎಂಬ ದೂರು ಕೇಳಿದರೆ ಮೊದಲು ನೋಡಬೇಕಾದ್ದು ಕಂಡೆನ್ಸರನ್ನೇ.

ಹಳೆಯ ಕಂಡೆನ್ಸರಿನಲ್ಲಿ ಒಂದೇ ಉದ್ದದ ಪೈಪು ಹಾವಿನಂತೆ ಮಡಚಿಕೊಂಡು ಹೋಗುತ್ತದೆ. ಪ್ಯಾರಲಲ್ ಫ್ಲೋ ಮಾದರಿಯಲ್ಲಿ ಗ್ಯಾಸ್ ಹತ್ತಾರು ಚಪ್ಪಟೆ ಕೊಳವೆಗಳಲ್ಲಿ ಏಕಕಾಲಕ್ಕೆ ಹರಿಯುತ್ತದೆ, ಅಷ್ಟೇ ಜಾಗದಲ್ಲಿ ಹೆಚ್ಚು ಬಿಸಿ ಹೊರಹೋಗುತ್ತದೆ. ಗ್ರಿಲ್ಲಿನ ಹಿಂದಿನ ಜಾಗ ಟೇಪ್ ಹಿಡಿದು ಅಳೆಯಿರಿ. ಪೈಪಿನ ಬಾಯಿಗಳಿಗೂ ಬ್ರಾಕೆಟ್ಟಿಗೂ ಜಾಗ ಬಿಟ್ಟು, ಹಿಡಿಯುವಷ್ಟರಲ್ಲಿ ದೊಡ್ಡದನ್ನು ತನ್ನಿ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೆ ಹೋಗುವುದಾದರೆ ಕಾರಿನ ಹೆಸರಿನ ಜೊತೆ ಈ ಅಳತೆಯೂ ಕೈಯಲ್ಲಿರಲಿ.

ಕೂರಿಸುವಾಗ ಗ್ಯಾಸ್ ಒಳಹೋಗುವ ಬಾಯಿ ಮೇಲೆ, ದ್ರವ ಹೊರಬರುವ ಬಾಯಿ ಕೆಳಗೆ. ರೇಡಿಯೇಟರಿಗೂ ಅದಕ್ಕೂ ಒಂದು ಬೆರಳಿನಷ್ಟು ಅಂತರವಿಟ್ಟು, ನಾಲ್ಕೂ ಬದಿಯ ಸಂದಿಗೆ ಫೋಮ್ ಅಥವಾ ರಬ್ಬರ್ ಪಟ್ಟಿ ಕೊಡಿ. ಸಂದಿ ಬಿಟ್ಟರೆ ಗಾಳಿ ಸುಲಭದ ದಾರಿ ಹಿಡಿದು ಬದಿಯಿಂದಲೇ ಹೋಗುತ್ತದೆ, ಬಾನೆಟ್ಟಿನೊಳಗಿನ ಬಿಸಿ ಗಾಳಿ ಮುಂದಕ್ಕೆ ಮರಳುತ್ತದೆ. ಈ ಪಟ್ಟಿಗೆ ಖರ್ಚಾಗುವುದು ತೀರಾ ಕಡಿಮೆ, ಆದರೆ ಹೆಚ್ಚಿನವರು ಬಿಡುವುದು ಇದನ್ನೇ.

ಫ್ಯಾನ್ ತಿರುಗುತ್ತಿದೆ, ಆದರೂ ಸಾಲದು ಎನ್ನುತ್ತಾರೆ. ಪರೀಕ್ಷೆ ಹೇಗೆ?

ಎಸಿ ಹಾಕಿ ಕಾರು ನಿಂತಿರುವಾಗ ಒಂದು ಎ4 ಹಾಳೆಯನ್ನು ಗ್ರಿಲ್ಲಿನ ಮುಂದೆ ಹಿಡಿದು ಬಿಡಿ. ಹಾಳೆ ಗ್ರಿಲ್ಲಿಗೆ ಅಂಟಿಕೊಂಡು ನಿಲ್ಲಬೇಕು. ಜಾರಿ ಬಿದ್ದರೆ ಗಾಳಿ ಸಾಲದು. ಮುಂದಕ್ಕೆ ಹಾರಿದರೆ ಫ್ಯಾನ್ ಉಲ್ಟಾ ತಿರುಗುತ್ತಿದೆ, ವೈರ್ ಅದಲು ಬದಲಾಗಿದೆ ಎಂದರ್ಥ.

ಫ್ಯಾನುಗಳಲ್ಲಿ ಎಳೆಯುವುದು, ತಳ್ಳುವುದು ಎಂದು ಎರಡು ಬಗೆ. ಬಾಗಿದ ರೆಕ್ಕೆಯ ಫ್ಯಾನನ್ನು ವೈರ್ ಬದಲಿಸಿ ಇನ್ನೊಂದು ಬಗೆಯಾಗಿ ಬಳಸಿದರೆ ಗಾಳಿ ಬಹಳ ಕುಗ್ಗುತ್ತದೆ. ಜಾಗಕ್ಕೆ ತಕ್ಕದ್ದನ್ನೇ ಕೊಳ್ಳಿ. ಎಂಜಿನ್ ಕಡೆ ಜಾಗವಿದ್ದರೆ ಎಳೆಯುವ ಫ್ಯಾನ್ ಮೇಲು. ಫ್ಯಾನಿಗೆ ಪ್ರತ್ಯೇಕ ರಿಲೇ, ಪ್ರತ್ಯೇಕ ಫ್ಯೂಸ್ ಇರಲಿ. ಡ್ಯಾಶ್‌ಬೋರ್ಡಿನ ಸ್ವಿಚ್ಚಿನ ಮೂಲಕ ನೇರ ಕರೆಂಟು ಹರಿಸಿದರೆ ಸ್ವಿಚ್ಚು ಕರಗುತ್ತದೆ.

ದೊಡ್ಡ ಕಂಪ್ರೆಸರ್ ಹಾಕಿದರೆ ಹೆಚ್ಚು ತಂಪಾಗುವುದಿಲ್ಲವೇ?

ಕಂಡೆನ್ಸರ್ ಚಿಕ್ಕದೇ ಇದ್ದರೆ ಇಲ್ಲ, ಹೈ ಒತ್ತಡ ಇನ್ನಷ್ಟು ಏರುತ್ತದೆ ಅಷ್ಟೇ. ಮಾರ್ಕೆಟ್ಟಿನಲ್ಲಿ '508' ಎಂದು ಕರೆಯುವ ಸ್ಯಾಂಡೆನ್ ಮಾದರಿಯ ಕಂಪ್ರೆಸರ್ ಒಂದು ಸುತ್ತಿಗೆ 138 ಸಿಸಿ ತಳ್ಳುತ್ತದೆ, '505' 87 ಸಿಸಿ. ಅಂಬಾಸಡರಿನ ಎಂಜಿನ್ 508ನ್ನು ಎಳೆಯುತ್ತದೆ. ಮಾರುತಿ 800ರದು 796 ಸಿಸಿ ಎಂಜಿನ್, ಕಾರ್ಬುರೇಟರ್ ಕಾಲದಲ್ಲಿ ನಲವತ್ತು ಅಶ್ವಶಕ್ತಿಗೂ ಕಡಿಮೆ. ಬಿಸಿಲಲ್ಲಿ ಎಸಿಯೇ ಮೂರರಿಂದ ಐದು ಅಶ್ವಶಕ್ತಿ ನುಂಗುತ್ತದೆ. ಅದಕ್ಕೆ ಕಂಪನಿ ಕೊಟ್ಟ ಅಳತೆಯ ಕಂಪ್ರೆಸರೇ ಸರಿ.

ಹಳೆಯ ಕಂಪ್ರೆಸರ್ ಉಳಿಸಿಕೊಳ್ಳುವುದಾದರೆ ಶಾಫ್ಟ್ ಸೀಲ್ ಹೊಸದು ಹಾಕಿಸಿ, ಕ್ಲಚ್ಚಿನ ಅಂತರವನ್ನು ಫೀಲರ್ ಗೇಜಿನಲ್ಲಿ ನೋಡಿ. 0.4ರಿಂದ 0.8 ಮಿ.ಮೀ. ಒಳಗಿರಬೇಕು. ಸವೆದು ಅಂತರ ಹೆಚ್ಚಿದರೆ ಬಿಸಿಯಾದಾಗ ಕ್ಲಚ್ ಹಿಡಿಯುವುದಿಲ್ಲ, ತಣ್ಣಗಾದ ಮೇಲೆ ಮತ್ತೆ ಹಿಡಿಯುತ್ತದೆ. ಇದನ್ನು ಗ್ಯಾಸ್ ಕಡಿಮೆಯೆಂದು ತಪ್ಪು ತಿಳಿದು ಗ್ಯಾಸ್ ತುಂಬಿಸುವವರು ಬಹಳ.

ಯಾವ ಎಣ್ಣೆ, ಎಷ್ಟು?

ಹೊಸ ಕಂಪ್ರೆಸರಾದರೆ ಅದರ ಮೇಲೆ ಬರೆದಿರುವ ಪ್ಯಾಗ್ (ಆರ್-134ಎ ಜೊತೆ ಬಳಸುವ ಕೃತಕ) ಎಣ್ಣೆಯೇ. ಹಳೆಯ ಕಂಪ್ರೆಸರ್ ಇಟ್ಟುಕೊಂಡು ಗ್ಯಾಸ್ ಮಾತ್ರ ಬದಲಿಸುವುದಾದರೆ ಎಸ್ಟರ್ ಎಣ್ಣೆ ಕ್ಷೇಮ, ಒಳಗೆ ಉಳಿದ ಮಿನರಲ್ ಎಣ್ಣೆಯ ಪಸೆಯನ್ನೂ ಆರ್-12 ಬಿಟ್ಟುಹೋದ ಕ್ಲೋರಿನ್ ಅಂಶವನ್ನೂ ಅದು ಪ್ಯಾಗ್‌ಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ.

ಸಣ್ಣ ಕಾರುಗಳಲ್ಲಿ ಇಡೀ ಸಿಸ್ಟಮ್‌ಗೆ ಸಾಮಾನ್ಯವಾಗಿ 80ರಿಂದ 150 ಮಿ.ಲೀ. ಸಾಕು. ಹೊಸ ಕಂಪ್ರೆಸರಿನಲ್ಲಿ ಮೊದಲೇ ಎಣ್ಣೆ ಇರುತ್ತದೆ, ಅದನ್ನು ಬಗ್ಗಿಸಿ ಅಳೆದು ಲೆಕ್ಕಕ್ಕೆ ಹಿಡಿಯಿರಿ. ಎಣ್ಣೆ ಹೆಚ್ಚಾದರೆ ಕಾಯಿಲ್ ಗೋಡೆಗೆ ಮೆತ್ತಿಕೊಂಡು ತಂಪು ಕುಗ್ಗುತ್ತದೆ. ಪ್ಯಾಗ್ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಹೋದ ವರ್ಷ ತೆರೆದ ಡಬ್ಬಿ ಬಳಸಬೇಡಿ.

ಹಳೆಯ ಎಣ್ಣೆ ತೊಳೆಯಲು ಪೆಟ್ರೋಲು, ಸೀಮೆಎಣ್ಣೆ ಬೇಡ. ಎಸಿಗೆಂದೇ ಮಾಡಿದ ಫ್ಲಶ್ ದ್ರವ ಹಾಕಿ, ಒಣ ನೈಟ್ರೋಜನ್ ಊದಿ. ಪೈಪು ಮತ್ತು ಕಾಯಿಲ್ ಮಾತ್ರ ತೊಳೆಯಬಹುದು. ಕಂಪ್ರೆಸರ್ ಒಡೆದು ಲೋಹದ ಪುಡಿ ಹರಿದಿದ್ದರೆ ಪ್ಯಾರಲಲ್ ಫ್ಲೋ ಕಂಡೆನ್ಸರ್ ತೊಳೆದು ಪ್ರಯೋಜನವಿಲ್ಲ. ಆ ಸಣ್ಣ ರಂಧ್ರಗಳಲ್ಲಿ ಸಿಕ್ಕ ಪುಡಿ ಹೊರಬರುವುದಿಲ್ಲ, ಹೊಸದೇ ಬೇಕು.

ಲೀಕ್ ಹುಡುಕುವುದು ಹೇಗೆ?

ಮೊದಲು ಕಣ್ಣಿನಲ್ಲಿ. ಗ್ಯಾಸ್ ಸೋರುವ ಕಡೆ ಎಣ್ಣೆಯೂ ಜಿನುಗುತ್ತದೆ, ಅದಕ್ಕೆ ರಸ್ತೆಯ ಧೂಳು ಅಂಟಿ ಜಾಯಿಂಟಿನ ಸುತ್ತ ಕಪ್ಪು ಜಿಡ್ಡಿನ ಉಂಗುರ ಕಟ್ಟುತ್ತದೆ. ಬೆರಳಿಗೆ ಅಂಟುವ ಆ ಕಪ್ಪು ಗುರುತೇ ಅರ್ಧ ಉತ್ತರ. ಕಂಪ್ರೆಸರಿನ ಮೂತಿಯ ಎದುರು ಬಾನೆಟ್ಟಿನ ಒಳಮೈಯಲ್ಲಿ ಎಣ್ಣೆ ಸಿಡಿದ ಗೆರೆ ಕಂಡರೆ ಶಾಫ್ಟ್ ಸೀಲ್ ಹೋಗಿದೆ.

ಆಮೇಲೆ ರೆಗ್ಯುಲೇಟರ್ ಇರುವ ಸಿಲಿಂಡರಿನಿಂದ ಒಣ ನೈಟ್ರೋಜನ್ 150 ಪಿಎಸ್‌ಐವರೆಗೆ ತುಂಬಿ ಸೋಪಿನ ನೊರೆ ಹಚ್ಚಿ. ಆಮ್ಲಜನಕ ಎಂದೂ ಹಾಕಬಾರದು, ಎಣ್ಣೆಯ ಜೊತೆ ಸೇರಿ ಸ್ಫೋಟಿಸುತ್ತದೆ. ಟೈರ್ ಅಂಗಡಿಯ ಗಾಳಿಯೂ ಬೇಡ, ತೇವ ಒಳಸೇರುತ್ತದೆ.

ಅಲ್ಯೂಮಿನಿಯಂ ಜಾಯಿಂಟನ್ನು ಬಿಚ್ಚುವಾಗ ಎರಡು ಸ್ಪ್ಯಾನರ್ ಬಳಸಿ, ಒಂದರಲ್ಲಿ ಹಿಡಿದು ಇನ್ನೊಂದರಲ್ಲಿ ತಿರುಗಿಸಿ. ಒಂದೇ ಸ್ಪ್ಯಾನರ್ ಹಾಕಿದರೆ ಪೈಪ್ ತಿರುಚಿಕೊಂಡು ಬುಡದಲ್ಲಿ ಸೀಳುತ್ತದೆ.

ವ್ಯಾಕ್ಯೂಮ್ ಎಷ್ಟು ಹೊತ್ತು? ಗೇಜ್ 30ಕ್ಕೆ ಹೋಗುತ್ತಲೇ ಇಲ್ಲ!

45 ನಿಮಿಷದಿಂದ ಒಂದು ಗಂಟೆ. ಗಾಳಿ ತೆಗೆಯಲು ಹತ್ತು ನಿಮಿಷ ಸಾಕು. ಉಳಿದ ಹೊತ್ತು ಬೇಕಾಗುವುದು ಒಳಗಿನ ತೇವ ಕುದಿದು ಆವಿಯಾಗಿ ಹೊರಬರಲು.

ಬೆಂಗಳೂರಿನಲ್ಲಿ ಗೇಜ್ 30 ಇಂಚು ತೋರಿಸುವುದಿಲ್ಲ, ತೋರಿಸಲಾರದು. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿನ ಗಾಳಿಯ ಒತ್ತಡವೇ ಪಾದರಸದ 27 ಇಂಚು. ಪೂರ್ತಿ ವ್ಯಾಕ್ಯೂಮ್ ಆದರೂ ಮುಳ್ಳು 27ರ ಹತ್ತಿರವೇ ನಿಲ್ಲುತ್ತದೆ. ಮಂಗಳೂರಿನಲ್ಲಿ ಅದೇ ಪಂಪು 30ರ ಹತ್ತಿರ ಹೋಗುತ್ತದೆ. ಒಳಗೆ ಉಳಿದ ಒತ್ತಡವನ್ನೇ ಅಳೆಯುವ ಮೈಕ್ರಾನ್ ಗೇಜ್ ಇದ್ದರೆ 500 ಮೈಕ್ರಾನ್‌ಗೆ ಇಳಿಸಿ, ಆಗ ಎತ್ತರದ ಗೊಂದಲವೇ ಇರುವುದಿಲ್ಲ.

ಪಂಪ್ ನಿಲ್ಲಿಸಿ, ವಾಲ್ವ್ ಮುಚ್ಚಿ ಅರ್ಧ ಗಂಟೆ ಬಿಡಿ. ಮುಳ್ಳು ಸ್ವಲ್ಪ ಸರಿದು ನಿಂತರೆ ತೇವ ಉಳಿದಿದೆ, ಇನ್ನಷ್ಟು ಹೊತ್ತು ಎಳೆಯಿರಿ. ನಿಲ್ಲದೆ ಸರಿಯುತ್ತಲೇ ಹೋದರೆ ಲೀಕ್.

ಗ್ಯಾಸ್ ಎಷ್ಟು ತುಂಬಬೇಕು?

ಹಳೆಯ ಸ್ಟಿಕ್ಕರಿನಲ್ಲಿ ಬರೆದ ಆರ್-12 ತೂಕದ ಶೇಕಡ 80ರಿಂದ 90. 700 ಗ್ರಾಂ ಎಂದಿದ್ದರೆ 560ರಿಂದ ಶುರುಮಾಡಿ, 630 ದಾಟಬೇಡಿ. ಕಂಡೆನ್ಸರ್ ಬದಲಿಸಿದ್ದರೆ ಈ ಲೆಕ್ಕ ಹೆಚ್ಚುಕಡಿಮೆ ಆಗುತ್ತದೆ, 50 ಗ್ರಾಂ ಹಂತದಲ್ಲಿ ಸೇರಿಸುತ್ತ ವೆಂಟಿನ ತಾಪ ಮತ್ತು ಹೈ ಒತ್ತಡ ಎರಡನ್ನೂ ನೋಡಿ. ತಾಪ ಇಳಿಯುವುದು ನಿಂತು ಒತ್ತಡ ಮಾತ್ರ ಏರಲು ತೊಡಗಿದ ಕಡೆ ನಿಲ್ಲಿಸಿ.

'ಎರಡು ಕ್ಯಾನ್ ಹಾಕಿದ್ದೇವೆ' ಎಂಬ ಲೆಕ್ಕ ಒಪ್ಪಬೇಡಿ. ಸಾಮಾನ್ಯ ಕ್ಯಾನಿನಲ್ಲಿ 450 ಗ್ರಾಂ ಇರುತ್ತದೆ, ಎರಡಾದರೆ 900. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಕ್ಯಾನಿಟ್ಟು ಮೊದಲು ಮತ್ತು ಆಮೇಲಿನ ತೂಕ ಬರೆದುಕೊಳ್ಳಿ. ಎಂಜಿನ್ ಓಡುವಾಗ ಲೋ ಕಡೆಯಿಂದ, ಕ್ಯಾನ್ ನೆಟ್ಟಗಿಟ್ಟು, ಆವಿಯಾಗಿಯೇ ಒಳಬಿಡಿ. ಕ್ಯಾನ್ ತಲೆಕೆಳಗು ಮಾಡಿದರೆ ದ್ರವ ನುಗ್ಗಿ ಕಂಪ್ರೆಸರಿನ ರೀಡ್ ವಾಲ್ವ್ ಮುರಿಯುತ್ತದೆ. ಕಾರು ಓಡುವಾಗ ಹೈ ಕಡೆಯ ವಾಲ್ವ್ ತೆರೆಯಲೇಬಾರದು, ಆ ಒತ್ತಡಕ್ಕೆ ಕ್ಯಾನ್ ಸಿಡಿಯುತ್ತದೆ. ಕನ್ನಡಕ, ಕೈಗವಸು ಹಾಕಿಕೊಳ್ಳಿ. ದ್ರವ ಗ್ಯಾಸ್ ಮೈನಸ್ 26 ಡಿಗ್ರಿಯಲ್ಲಿ ಕುದಿಯುತ್ತದೆ, ಕಣ್ಣಿಗೆ ತಾಗಿದರೆ ದೃಷ್ಟಿಯೇ ಹೋಗಬಹುದು.

ಕೆಲಸ ಮುಗಿದ ಮೇಲೆ ಗ್ಯಾಸಿನ ಹೆಸರು, ತೂಕ, ಎಣ್ಣೆಯ ಬಗೆ, ತಾರೀಖು ಬರೆದ ಸ್ಟಿಕ್ಕರ್ ಅಂಟಿಸಿ.

ಎಸಿ ಆಫ್ ಇದ್ದಾಗ ಗೇಜ್ ನೋಡಿ ಗ್ಯಾಸ್ ಎಷ್ಟಿದೆ ಎಂದು ಹೇಳಬಹುದೇ?

ಆಗುವುದಿಲ್ಲ. ಒಳಗೆ ಒಂದಿಷ್ಟು ದ್ರವ ಉಳಿದಿದ್ದರೆ 30 ಡಿಗ್ರಿಯಲ್ಲಿ ಎರಡೂ ಗೇಜು ಸುಮಾರು 97 ಪಿಎಸ್‌ಐ ತೋರಿಸುತ್ತವೆ, ಗ್ಯಾಸ್ ಸರಿಯಾಗಿದ್ದರೂ ಅಷ್ಟೇ, ಹೆಚ್ಚಾಗಿದ್ದರೂ ಅಷ್ಟೇ.

ಓಡಿಸಿ ನೋಡಬೇಕು: ಎಂಜಿನ್ 1500 ಸುತ್ತು, ಬ್ಲೋವರ್ ಪೂರ್ತಿ, ಒಳಗಾಳಿ ಸುತ್ತುವ ಸ್ಥಿತಿ. ಹೊರಗೆ 35 ಡಿಗ್ರಿ ಇದ್ದಾಗ ಲೋ 30ರಿಂದ 45, ಹೈ 200ರಿಂದ 250, ನಡುವಿನ ವೆಂಟಿನಲ್ಲಿ 6ರಿಂದ 10 ಡಿಗ್ರಿ ಬಂದರೆ ಕೆಲಸ ಚೆನ್ನಾಗಿದೆ. ಎರಡೂ ಕಡಿಮೆ ಇದ್ದರೆ ಗ್ಯಾಸ್ ಕಡಿಮೆ. ಎರಡೂ ಹೆಚ್ಚಿದ್ದರೆ ಕಂಡೆನ್ಸರಿಗೆ ನೀರು ಚಿಮುಕಿಸಿ ನೋಡಿ: ಒತ್ತಡ ತಟ್ಟನೆ ಇಳಿದರೆ ಗಾಳಿ ಸಾಲದು, ಇಳಿದೂ ಹೆಚ್ಚೇ ಉಳಿದರೆ ಗ್ಯಾಸ್ ಹೆಚ್ಚಾಗಿದೆ ಅಥವಾ ಒಳಗೆ ಗಾಳಿ ಸೇರಿದೆ. ಲೋ ಹೆಚ್ಚು, ಹೈ ಕಡಿಮೆ ಎಂದಾದರೆ ಕಂಪ್ರೆಸರ್ ಸವೆದಿದೆ. ಲೋ ತೀರಾ ಕೆಳಗಿಳಿದು ವ್ಯಾಕ್ಯೂಮಿಗೆ ಹೋದರೆ ಎಕ್ಸ್‌ಪಾನ್ಶನ್ ವಾಲ್ವ್ ಅಥವಾ ಡ್ರೈಯರ್ ಕಟ್ಟಿಕೊಂಡಿದೆ.

ಒತ್ತಡ ಎಲ್ಲ ಸರಿ ಇದೆ. ಆದರೂ ಕಾರಿನೊಳಗೆ ಸೆಕೆ!

ಎರಡು ಕಡೆ ನೋಡಿ. ಒಂದು, ಹೀಟರ್ ವಾಲ್ವ್. ಕೇಬಲ್ ಸಡಿಲವಾಗಿ ವಾಲ್ವ್ ಪೂರ್ತಿ ಮುಚ್ಚದಿದ್ದರೆ, ತಣ್ಣಗಾದ ಗಾಳಿ ಎಂಜಿನ್ನಿನ ಬಿಸಿನೀರಿನ ಕಾಯಿಲ್ ಹಾದು ಬರುತ್ತದೆ. ಹೀಟರ್ ಹೋಸನ್ನು ಕ್ಲಾಂಪಿನಿಂದ ಒತ್ತಿ ನೀರು ನಿಲ್ಲಿಸಿ. ವೆಂಟಿನ ತಾಪ ನಾಲ್ಕೈದು ಡಿಗ್ರಿ ಇಳಿದರೆ ಕಳ್ಳ ಸಿಕ್ಕಿದ.

ಇನ್ನೊಂದು, ಡ್ಯಾಶ್‌ಬೋರ್ಡಿನೊಳಗಿನ ಬಾಗಿಲುಗಳಿಗೆ ಅಂಟಿಸಿದ್ದ ಫೋಮ್. ಇಪ್ಪತ್ತು ವರ್ಷಕ್ಕೆ ಅದು ಪುಡಿಯಾಗುತ್ತದೆ. ಬ್ಲೋವರ್ ಹಾಕಿದಾಗ ವೆಂಟಿನಿಂದ ಕರಿ ಎಳ್ಳಿನಂಥ ಚೂರುಗಳು ಹಾರಿ ಸೀಟಿನ ಮೇಲೆ ಬೀಳುತ್ತಿದ್ದರೆ ಅದು ಇದೇ. ಆಗ ಹೊರಗಿನ ಬಿಸಿ ಗಾಳಿ ಸದಾ ಒಳಸೇರುತ್ತಿರುತ್ತದೆ. ಕಾಯಿಲ್ ಬಿಚ್ಚಿದಾಗಲೇ ಹೊಸ ಫೋಮ್ ಅಂಟಿಸಿಬಿಡಿ, ಆಮೇಲೆ ಮತ್ತೆ ಡ್ಯಾಶ್‌ಬೋರ್ಡ್ ಬಿಚ್ಚುವುದು ಯಾರಿಗೂ ಬೇಡದ ಕೆಲಸ. ಬಾಗಿಲಿನ ರಬ್ಬರನ್ನೂ ಎಂಜಿನ್ ಗೋಡೆಯ ತೂತುಗಳ ಬೂಚುಗಳನ್ನೂ ಆಗಲೇ ನೋಡಿ.

ಅರ್ಧ ಗಂಟೆ ಚೆನ್ನಾಗಿ ಬಂದು ಆಮೇಲೆ ಗಾಳಿಯೇ ನಿಲ್ಲುತ್ತದೆ. ಏಕೆ?

ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟುತ್ತಿದೆ. ಥರ್ಮೋಸ್ಟಾಟಿನ ತೆಳು ತಂತಿ ಕಾಯಿಲ್‌ನ ರೆಕ್ಕೆಗಳ ನಡುವಿನಿಂದ ಹೊರಬಂದಿರಬಹುದು, ಅಥವಾ ಥರ್ಮೋಸ್ಟಾಟ್ ಕೆಟ್ಟಿರಬಹುದು. ಕಾಯಿಲ್ 2ರಿಂದ 4 ಡಿಗ್ರಿಗೆ ಬಂದಾಗ ಕಂಪ್ರೆಸರ್ ಕಟ್ ಆಗಬೇಕು. ಮಳೆಗಾಲದಲ್ಲಿ, ಕರಾವಳಿಯ ತೇವದಲ್ಲಿ ಈ ತೊಂದರೆ ಹೆಚ್ಚು.

ಎಸಿ ಹಾಕಿದರೆ ಎಂಜಿನ್ ನಡುಗಿ ನಿಲ್ಲುತ್ತದೆ.

ಕಾರ್ಬುರೇಟರಿನ ಐಡಲ್-ಅಪ್ ಕೆಲಸ ಮಾಡುತ್ತಿಲ್ಲ. ಎಸಿ ಹಾಕಿದಾಗ ಐಡಲ್ ಸುತ್ತು ಏರಿ 900ರಿಂದ 1000ದ ನಡುವೆ ನಿಲ್ಲಬೇಕು. ವ್ಯಾಕ್ಯೂಮ್ ವಾಲ್ವಿಗೆ ಕರೆಂಟು ಬರುತ್ತಿದೆಯೇ, ಸಣ್ಣ ರಬ್ಬರ್ ಪೈಪ್ ಸೀಳಿದೆಯೇ ನೋಡಿ. ಕ್ಲಚ್ ಒಂದೇ 3ರಿಂದ 4 ಆಂಪಿಯರ್ ತಿನ್ನುತ್ತದೆ, ಫ್ಯಾನು ಸುಮಾರು 7ರಿಂದ 10, ಬ್ಲೋವರ್ ಬೇರೆ. ಡೈನಮೋ ಇರುವ ಹಳೆಯ ಪದ್ಮಿನಿ, ಅಂಬಾಸಡರಿಗೆ ಮೊದಲು ಆಲ್ಟರ್ನೇಟರ್ ಹಾಕಿಸಿ, ಎಸಿಯ ಮಾತು ಆಮೇಲೆ.

ಅಡುಗೆ ಗ್ಯಾಸ್ ಹಾಕಿದರೂ ತಣ್ಣಗಾಗುತ್ತದೆ ಎನ್ನುತ್ತಾರೆ. ನಿಜವೇ?

ತಣ್ಣಗಾಗುತ್ತದೆ, ನಿಜ. ದಯವಿಟ್ಟು ಹಾಕಿಸಬೇಡಿ. ಕೂಲಿಂಗ್ ಕಾಯಿಲ್ ಇರುವುದು ನಿಮ್ಮ ಮಂಡಿಯ ಎದುರಿಗೆ, ಗಾಜು ಮುಚ್ಚಿದ ಕಾರಿನೊಳಗೆ. ಅಲ್ಲಿ ಸೋರಿದರೆ ಬ್ಲೋವರ್ ಮೋಟರಿನ ಒಂದು ಕಿಡಿ ಸಾಕು. ಮುಂದೆ ಆ ಕಾರಿನ ಗ್ಯಾಸ್ ತೆಗೆಯುವ ಮೆಕ್ಯಾನಿಕ್‌ನ ಜೀವಕ್ಕೂ ಅಪಾಯ.

ಹೊಸ ಕಾರುಗಳ ಆರ್-1234ವೈಎಫ್ ಹಾಕಿಸಬಹುದೇ?

ಅಗತ್ಯವಿಲ್ಲ. ದುಬಾರಿ, ಸ್ವಲ್ಪ ಮಟ್ಟಿಗೆ ಉರಿಯುವ ಗುಣವೂ ಉಂಟು, ಹಳೆಯ ಕಾರು ಅದಕ್ಕೆ ಮಾಡಿದ್ದಲ್ಲ.

ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸಬೇಕೇ?

ಬೇಡ. ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಪ್ರತಿ ಬೇಸಿಗೆಗೂ ತುಂಬಿಸುತ್ತಿದ್ದರೆ ತೂತು ಕೊಡಕ್ಕೆ ನೀರು ಹೊತ್ತಂತೆ, ಲೀಕ್ ಹುಡುಕಿಸಿ. ವರ್ಷಕ್ಕೊಮ್ಮೆ ಮಾಡಬೇಕಾದ್ದು ಬೇರೆ: ಕಂಡೆನ್ಸರಿನ ರೆಕ್ಕೆಗಳಲ್ಲಿ ಸಿಕ್ಕ ಹುಳು, ಎಲೆ, ಮಣ್ಣನ್ನು ಮೆಲ್ಲಗೆ ಹರಿಯುವ ನೀರಿನಿಂದ ತೊಳೆಯುವುದು, ಕಾಯಿಲ್‌ನ ನೀರು ಹೋಗುವ ಪೈಪ್ ಕಟ್ಟಿದೆಯೇ ನೋಡುವುದು. ಕಟ್ಟಿದರೆ ಮುಂದಿನ ಸೀಟಿನ ಕಾರ್ಪೆಟ್ ಒದ್ದೆಯಾಗಿ ಮುಗ್ಗಲು ವಾಸನೆ ಬರುತ್ತದೆ, ಅಡಿಯ ತಗಡು ತುಕ್ಕು ಹಿಡಿಯುತ್ತದೆ. ಮಂಗಳೂರು, ಕಾರವಾರದ ಕಡೆಯವರು ಉಪ್ಪುಗಾಳಿಯ ಕಾರಣ ತಿಂಗಳಿಗೊಮ್ಮೆ ಕಂಡೆನ್ಸರಿಗೆ ಸಿಹಿನೀರು ಹಾಕಿದರೆ ಒಳ್ಳೆಯದು. ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಓಡಿಸಿ. ಎಣ್ಣೆ ಸುತ್ತದೆ ನಿಂತರೆ ಶಾಫ್ಟ್ ಸೀಲ್ ಒಣಗಿ, ಗ್ಯಾಸ್ ಅಲ್ಲಿಂದಲೇ ಸೋರತೊಡಗುತ್ತದೆ.